ಕೆಂಪೆಲೆಯ ಗಿಡಗಳು

ಪೆಸಿಫಿಕ್ ಸಾಗರದ ವನುವಾಟುವಿನ ಒಂದು ದ್ವೀಪಕ್ಕೆ, ಹಿಂದೆ ಅಲ್ಲಿಗೆ ಬಂದು ಕಣ್ಮರೆಯಾದ ಮೊದಲ ಪಾದ್ರಿಯ ಗೋರಿ ಹುಡುಕುವ ಸಾಕ್ಷ್ಯಚಿತ್ರಕ್ಕೆಂದು ಬಂದಿದ್ದ ನಿರ್ದೇಶಕ, ಮುದುಕಿ ಲೈಪಕೋವಾಳ ಹಿತ್ತಲಲ್ಲಿ ಕ್ಯಾಮೆರಾ ಹೂಡಿಸಿದ. ಅಡ್ಡ ಬಂದ ಕೆಂಪೆಲೆಯ ಗಿಡಗಳನ್ನೆಲ್ಲ ಬುಡಸಮೇತ ಕೀಳಿಸಿದ. ಗೋರಿಗೆ ಕಲ್ಲಿಡದೆ ಕೆಂಪೆಲೆ ನೆಡುವ ಊರದು; ಅವು ಅವಳ ಅಜ್ಜಿಯ ಅಜ್ಜಿ ನೆಟ್ಟ ಗಿಡಗಳು.

ತೋಟದಿಂದ ಬಂದ ಲೈಪಕೋವಾಳ ಮೈ ಉರಿದುಹೋಯಿತು. "ನಿನ್ನೇನೇ ಹೇಳಿದ್ನಲ್ಲಪ್ಪ, ಪಾದ್ರಿಗಳು ಇಲ್ಲೇ ಮಲಗಿದಾರೆ ಅಂತ."

"ಕಲ್ಲಿಲ್ದೆ ಗೋರಿ ಅಂದ್ರೆ ಯಾರಜ್ಜಿ ನಂಬ್ತಾರೆ? ಸ್ವಲ್ಪ ಸರ್ಕೊಳ್ಳಿ, ನೆರಳು ಬೀಳ್ತಿದೆ."

ಅವನು ಗೋರಿಯ ಮೇಲೇ ಬೂಟುಗಾಲೂರಿ, ಕ್ಯಾಮೆರಾದತ್ತ ತಿರುಗಿ, "ಈ ಜನ ಪಾದ್ರಿಗಳ ಗುರುತನ್ನೂ ಉಳಿಸಲಿಲ್ಲ" ಎಂದ. ಕಣ್ಣೀರು ಸರಿಯಾಗಿ ಬರಲಿಲ್ಲವೆಂದು ಅದನ್ನೇ ಮೂರು ಸಲ ಹೇಳಿದ.

ಅವನ ಕಾಲಬುಡಕ್ಕೆ ಉಗಿಯಲೆಂದು ಲೈಪಕೋವಾ ಬಾಯಿ ತುಂಬಿಕೊಂಡಳು. ಕೆಳಗೆ ಪಾದ್ರಿಗಳಿದ್ದಾರೆಂದು ನೆನಪಾಗಿ ನುಂಗಿಕೊಂಡಳು.