ಗೋಡೆಯದೇನೂ ತಪ್ಪಿಲ್ಲ

ನಾಲ್ಕನೇ ತರಗತಿಯ ಟೀಚರಿಗೆ ಶಾಲೆಯಲ್ಲಿ ದನಿ ಏರಿಸದವಳೆಂಬ ಹೆಸರಿತ್ತು. ಅಕ್ಕಪಕ್ಕದ ಕೋಣೆಗಳಿಂದ ಮೇಜಿಗೆ ಸ್ಕೇಲು ಬಡಿಯುವ ಸದ್ದು, ಗದರಿಕೆ ಕೇಳಿಬರುತ್ತಿದ್ದರೂ ಇವಳ ಕೋಣೆಯಿಂದ ಅಂಥದ್ದು ಬಂದದ್ದೇ ಇಲ್ಲ. ಗಲಾಟೆ ಹೆಚ್ಚಾದಷ್ಟೂ ಅವಳು ಇನ್ನಷ್ಟು ಮೆಲ್ಲಗೆ ಮಾತಾಡುವಳು. ಮಿಸ್ ಏನೋ ಹೇಳ್ತಿದ್ದಾರೆ, ಎಲ್ಲಿ ತಪ್ಪಿಹೋಗುತ್ತದೋ ಎಂದು ಮಕ್ಕಳೇ ಒಬ್ಬರ ಬಾಯಿ ಒಬ್ಬರು ಮುಚ್ಚಿಸುವರು. ಹೊಸದಾಗಿ ಸೇರಿದವರಿಗೆ ಹೆಡ್‌ಮೇಡಂ ಇವಳನ್ನೇ ತೋರಿಸಿ, ತಾಳ್ಮೆ ಅಂದರೆ ಅಲ್ಲಿ ನೋಡಿ ಕಲಿಯಿರಿ ಅನ್ನುತ್ತಿದ್ದರು.

ಆ ವಾರದ ಪಾಠ ಶಬ್ದದ್ದು. ಶಬ್ದವು ಗಾಳಿಯಲ್ಲಿ, ನೀರಿನಲ್ಲಿ, ಗಟ್ಟಿ ವಸ್ತುಗಳಲ್ಲಿ ಸಾಗುತ್ತದೆ ಎಂದು ಪುಸ್ತಕದಲ್ಲಿ ಬರೆದಿತ್ತು. ಓದಿಸಿ ಕೈತೊಳೆದುಕೊಳ್ಳಬಹುದಿತ್ತು, ಅವಳಿಗೆ ಮನಸ್ಸಾಗಲಿಲ್ಲ. ಬೆಂಚಿನ ಒಂದು ತುದಿಯಲ್ಲಿ ಒಬ್ಬನಿಗೆ ಉಗುರಿನಿಂದ ಮರ ಕೆರೆಯಲು ಹೇಳಿದಳು. ಇನ್ನೊಂದು ತುದಿಯವರು ಏನೂ ಕೇಳಿಸುತ್ತಿಲ್ಲವೆಂದು ತಲೆಯಾಡಿಸಿದರು. ಈಗ ಬೆಂಚಿಗೆ ಕಿವಿ ಹಚ್ಚಿ ಅಂದಳು. ಹಚ್ಚಿದ್ದೇ ತಡ ಕಣ್ಣುಗಳು ಅರಳಿದವು. ಬೆಂಚಿನೊಳಗೆ ಇಲಿ ಸೇರಿಕೊಂಡಿದೆ ಎಂದು ಒಬ್ಬಳು ಕಾಲು ಮೇಲೆತ್ತಿಕೊಂಡಳು. ಆಮೇಲೆ ಚಮಚಕ್ಕೆ ದಾರ ಕಟ್ಟಿ, ದಾರದ ತುದಿಗಳನ್ನು ಬೆರಳಿಗೆ ಸುತ್ತಿ ಕಿವಿಗೆ ಒತ್ತಿಕೊಂಡು, ಚಮಚವನ್ನು ಮೇಜಿಗೆ ತಾಗಿಸಿದರು. ಅಷ್ಟು ಸಣ್ಣ ಚಮಚದಿಂದ ದೊಡ್ಡ ಗಂಟೆಯ ನಾದ ಬಂತು. ಬಕೆಟ್ಟಿನ ನೀರಲ್ಲಿ ಕಲ್ಲು ಕುಟ್ಟುವ ಹೊತ್ತಿಗೆ ಅರ್ಧ ತರಗತಿ ತೊಯ್ದು ತೊಪ್ಪೆಯಾಗಿತ್ತು. ಗಂಟೆ ಹೊಡೆದಾಗ ಟೀಚರ್ ಮನೆಪಾಠ ಕೊಟ್ಟಳು: ಮನೆಯಲ್ಲಿ ಯಾವುದಾದರೂ ವಸ್ತುವಿಗೆ ಕಿವಿ ಹಚ್ಚಿ, ಏನು ಕೇಳಿಸಿತು, ಹೇಗೆ ಕೇಳಿಸಿತು ಅಂತ ಬಂದು ಹೇಳಬೇಕು.

ಮರುದಿನ ಎಲ್ಲರಿಗೂ ತಾನು ಮುಂದು ತಾನು ಮುಂದು. ಒಬ್ಬನ ಮನೆಯ ಫ್ರಿಜ್ಜಿನ ಹೊಟ್ಟೆ ಹಸಿದ ಹಾಗೆ ಗುಡುಗುಡು ಅಂದಿತ್ತು. ಒಬ್ಬಳಿಗೆ ನೀರಿನ ಪೈಪಿನೊಳಗಿಂದ ಮೇಲಿನ ಮನೆಯವರ ಸ್ನಾನ ಕೇಳಿಸಿತ್ತು. ದಿಂಬಿಗೆ ಕಿವಿ ಹಚ್ಚಿದವನಿಗೆ ಏನೂ ಕೇಳಿಸದೆ ನಿದ್ದೆ ಬಂದಿತ್ತು. ಒಬ್ಬ ಅಜ್ಜನ ಹೊಟ್ಟೆಗೇ ಕಿವಿ ಹಚ್ಚಿ ಬಂದಿದ್ದ; ಅಜ್ಜ ವಸ್ತು ಹೌದೋ ಅಲ್ಲವೋ ಎಂಬ ಬಗ್ಗೆ ಸ್ವಲ್ಪ ಹೊತ್ತು ಜಗಳವೇ ನಡೆಯಿತು. ಹೇಳಿದ್ದನ್ನೆಲ್ಲ ಒಬ್ಬ ಹುಡುಗಿ ಬೋರ್ಡಿನ ಮೇಲೆ ಬರೆಯುತ್ತ ಹೋದಳು.

ಕೊನೆಗೆ ಮೆಣಸು ಎದ್ದು ನಿಂತಳು. ಕಾಳುಮೆಣಸಿನಷ್ಟೇ ಗಾತ್ರ, ಅಷ್ಟೇ ಚುರುಕು ಅಂತ ಅವಳಿಗೆ ಆ ಅಡ್ಡಹೆಸರು ಅಂಟಿತ್ತು. ಅವಳಮ್ಮ ಟೈಲರು. ತಾಯಿ ಮಗಳು ಈಚೆಗಷ್ಟೇ ಟೀಚರ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದರು. ಎರಡೂ ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ.

"ಮಿಸ್, ನಾನು ಗೋಡೆಗೆ ಲೋಟ ಇಟ್ಟು ಕೇಳಿದೆ. ನಿಮ್ಮ ದನಿ ಬಂತು."

ಮಕ್ಕಳಿಗೆ ಖುಷಿಯೋ ಖುಷಿ. ಟೀಚರೂ ನಕ್ಕಳು.

"ಏನು ಮಾತು ಅಂತ ಗೊತ್ತಾಗಲಿಲ್ಲ. ಆದರೆ ಬೈಯೋ ಥರ ಇತ್ತು ಮಿಸ್. ನೀವು ಬೈಯೋದೇ ಇಲ್ವಲ್ಲ. ಇಟ್ಟಿಗೆ ಒಳಗಿಂದ ಬಂದರೆ ದನಿ ಹಂಗಾಗುತ್ತಾ?"

ಆ ಪ್ರಶ್ನೆಯಲ್ಲಿ ಕುಹಕದ ಎಳೆಯೂ ಇರಲಿಲ್ಲ. ಟೀಚರ ಕೈಯಲ್ಲಿ ಆಡುತ್ತಿದ್ದ ನಿನ್ನೆಯ ಚಮಚ ಮಾತ್ರ ಅಲ್ಲೇ ನಿಂತಿತು.

ಹಿಂದಿನ ಸಂಜೆ ಅತ್ತೆ ನಲ್ಲಿ ನಿಲ್ಲಿಸುವುದನ್ನು ಮರೆತಿದ್ದರು. ಟ್ಯಾಂಕು ಬರಿದಾಗಿತ್ತು. ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅವಳು ಶುರುಮಾಡಿದ್ದಳು: ಕಿವಿ ಹೋದರೆ ಹೋಗಲಿ, ಬುದ್ಧಿಯೂ ಅದರ ಹಿಂದೆಯೇ ಹೋಯಿತಾ ನಿಮಗೆ ಎಂದು. ಆ ಮಾತು ಅಂಥ ಹೊಸದೂ ಅಲ್ಲ. ಅತ್ತೆಯ ಕಿವಿ ಮಂದವಾಗತೊಡಗಿದಾಗ ಅವರಿಗೆ ಕೇಳಿಸಲಿ ಎಂದೇ ಅವಳು ಜೋರಾಗಿ ಮಾತಾಡಲು ಕಲಿತದ್ದು. ಆ ಜೋರು ಯಾವಾಗ ಸಿಟ್ಟಾಯಿತೋ ಅವಳಿಗೇ ತಿಳಿಯದು. ಗಂಡ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಧ್ಯಾಹ್ನದ ಪಾಳಿಗೆ ಹೋಗುತ್ತಿದ್ದುದರಿಂದ ಸಂಜೆ ಮನೆಯಲ್ಲಿ ಇರುತ್ತಿದ್ದದ್ದು ಅತ್ತೆ ಸೊಸೆ ಇಬ್ಬರೇ. ಶಾಲೆಯಲ್ಲಿ ದಿನವೆಲ್ಲ ಹಲ್ಲುಕಚ್ಚಿ ತಡೆದದ್ದು ಅಲ್ಲಿ ಕಟ್ಟೆಯೊಡೆಯುತ್ತಿತ್ತು. ಕೇಳಿಸದವರಿಗೆ ಕೂಗದೆ ಇನ್ನು ಹೇಗೆ ಹೇಳುವುದು ಎಂಬ ಸಮಾಧಾನವೊಂದು ಅವಳ ಬಳಿ ಸಿದ್ಧವಾಗಿಯೇ ಇತ್ತು.

"ಹೂಂ," ಎಂದಳು ಟೀಚರ್. "ಗೋಡೆ ದಾಟುವಾಗ ತೆಳು ದನಿ ನಿಂತುಹೋಗುತ್ತೆ, ದಪ್ಪ ದನಿ ಮಾತ್ರ ಬರುತ್ತೆ. ಅದಕ್ಕೇ ಬೈದ ಹಾಗೆ ಕೇಳಿಸಿದ್ದು."

ಮೊದಲಿನ ಮಾತು ನಿಜ, ಎರಡನೆಯದು ಸುಳ್ಳು. ನಿಜದ ಬೆನ್ನಿಗೆ ಅಂಟಿಕೊಂಡು ಬಂದ ಸುಳ್ಳನ್ನು ಮಕ್ಕಳು ಹಾಗೇ ನುಂಗಿದರು. ಬರೆಯುವ ಹುಡುಗಿ ಬೋರ್ಡಿನಲ್ಲಿ ಗುಂಡಗೆ ಬರೆದಳು: ಮರ – ಜೋರು. ದಿಂಬು – ಇಲ್ಲ. ಇಟ್ಟಿಗೆ – ಬೈದ ಹಾಗೆ.

ಅಂದು ಸಂಜೆ ಟೀಚರ್ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಳು. ಅತ್ತೆಯ ಮೇಲಿನ ಕನಿಕರದಿಂದಲ್ಲ, ಗೋಡೆಯ ಹೆದರಿಕೆಯಿಂದ. ಪಿಸುಗುಟ್ಟಿದರೆ ಅತ್ತೆ "ಆಂ?" ಅನ್ನುವರು, ಇನ್ನೊಮ್ಮೆ ಪಿಸುಗುಟ್ಟಿದರೆ ಮತ್ತೆ "ಆಂ?" ಕೊನೆಗೆ ಕೈಸನ್ನೆಯಲ್ಲೇ ಊಟ ಮುಗಿಯಿತು. ಮೂಲೆಯಲ್ಲಿದ್ದ ಹತ್ತಿಯ ಹಾಸಿಗೆಯನ್ನು ಎತ್ತಿ ಗೋಡೆಗೆ ಆನಿಸಿ ನಿಲ್ಲಿಸಿದರೆ ಹೇಗೆ ಎಂದೂ ಯೋಚಿಸಿದಳು. ದಿಂಬಿನ ಹುಡುಗನಿಗೆ ಏನೂ ಕೇಳಿಸಿರಲಿಲ್ಲವಲ್ಲ, ಹತ್ತಿ ಶಬ್ದ ನುಂಗುತ್ತದೆ. ಎದ್ದು ಹಾಸಿಗೆಯ ಅಂಚು ಹಿಡಿದವಳಿಗೆ ತನ್ನ ಅವಸ್ಥೆ ನೋಡಿ ತನಗೇ ನಾಚಿಕೆಯಾಯಿತು. ಬಿಟ್ಟು ಮಲಗಿದಳು.

ಸೋಮವಾರ ಪ್ರಾರ್ಥನೆ ಮುಗಿದು ತರಗತಿಗೆ ಬಂದರೆ ಮೆಣಸು ಆಗಲೇ ನಿಂತಿದ್ದಳು. ಮುಖದಲ್ಲಿ ಅನುಮಾನವಿತ್ತು. ಬೋರ್ಡಿನಲ್ಲಿರುವುದು ಸರಿಯಿಲ್ಲ ಅನ್ನಿಸುತ್ತದೆ, ತಾನು ಇನ್ನೊಂದು ಸಲ ಪರೀಕ್ಷೆ ಮಾಡಿದೆ ಅಂದಳು. ಟೀಚರ್ ಸಂತೆಗೆ ಹೋಗಿದ್ದಾಗ ಅವಳಮ್ಮ ಟೀಚರ ಮನೆಯ ಅಜ್ಜಿಗೆ ಹೊಲಿದ ರವಿಕೆ ಕೊಡಲು ಬಂದಿದ್ದಳಂತೆ. ಅಮ್ಮ ಈ ಕಡೆ ಅಜ್ಜಿಯ ಜೊತೆ ಮಾತಾಡುತ್ತ ಕೂತಿದ್ದಾಗ ಮಗಳು ಆ ಕಡೆ ಗೋಡೆಗೆ ಲೋಟ ಹಚ್ಚಿದ್ದಳು.

"ಅಮ್ಮನ ದನಿ ದಪ್ಪ ಆಯ್ತು ಮಿಸ್, ನೀವು ಹೇಳಿದ ಹಾಗೇ. ಆದರೆ ಬೈಯೋ ಥರ ಆಗಲಿಲ್ಲ. ಅಜ್ಜಿ ನಕ್ಕರು, ಅದು ನಗೋ ಥರಾನೇ ಕೇಳಿಸ್ತು. ಗೋಡೆ ಅದೇ ತಾನೇ? ನಾನೇ ಎಲ್ಲೋ ತಪ್ಪು ಮಾಡಿದೆ ಅನ್ಸುತ್ತೆ."

ಅಜ್ಜಿ ನಕ್ಕರು ಎಂಬಲ್ಲೇ ಟೀಚರ ಮನಸ್ಸು ಸಿಕ್ಕಿಕೊಂಡಿತು. ಅತ್ತೆ ನಕ್ಕದ್ದನ್ನು ತಾನು ಕೊನೆಯ ಸಲ ಕೇಳಿದ್ದು ಯಾವಾಗ? ನೆನಪಿಗೆ ಬರಲಿಲ್ಲ. ಒಬ್ಬೊಬ್ಬರ ದನಿ ಒಂದೊಂದು ಥರ ಎಂಬ ಇನ್ನೊಂದು ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಮಕ್ಕಳು ಅದನ್ನೂ ಒಪ್ಪುತ್ತಿದ್ದರು. ಆದರೆ ಮೆಣಸು ಲೋಟ ಹಿಡಿದದ್ದು ಸೊಟ್ಟಗಿತ್ತೇನೋ ಎಂದು ಕೈತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಸರಿಯಾಗಿ ಕೇಳಿಸಿಕೊಂಡ ಮಗು ತನ್ನ ಕಿವಿಯನ್ನೇ ನಂಬದ ಹಾಗೆ ಆಗುತ್ತಿತ್ತು.

"ನಿನ್ನ ಪರೀಕ್ಷೆ ಸರಿ," ಎಂದಳು ಟೀಚರ್. "ನಾನು ಹೇಳಿದ್ದು ತಪ್ಪು. ಗೋಡೆ ದನಿಯನ್ನ ಮಂಕು ಮಾಡುತ್ತೆ, ಅಷ್ಟೇ. ಒಳ್ಳೇ ಮಾತನ್ನ ಬೈಗುಳ ಮಾಡಲ್ಲ. ಅವತ್ತು ನಾನು ಬೈತಾನೇ ಇದ್ದೆ."

ಹಿಂದಿನ ಬೆಂಚಿನಿಂದ ಒಬ್ಬ ಮೆಲ್ಲಗೆ, ಯಾರಿಗೆ ಮಿಸ್, ಎಂದು ಕೇಳಿದ. ನಮ್ಮತ್ತೆಗೆ ಎಂದಳು. ಏನು ತಪ್ಪು ಮಾಡಿದ್ದರು ಎಂದ. ನಲ್ಲಿ ನಿಲ್ಲಿಸೋದು ಮರೆತಿದ್ದರು ಎಂದಳು. ಹುಡುಗ ಸ್ವಲ್ಪ ಯೋಚಿಸಿ, ತಾನೂ ದಿನಾ ಮರೆಯುತ್ತೇನೆ ಎಂದ. ಯಾರೂ ನಗಲಿಲ್ಲ. ಟೀಚರ್ ಡಸ್ಟರು ತೆಗೆದುಕೊಂಡು ಕೊನೆಯ ಸಾಲನ್ನು ತಾನೇ ಒರೆಸಿದಳು.

ಮಕ್ಕಳ ಬಾಯಿಗೆ ಮುಚ್ಚಳವುಂಟೇ? ಊಟದ ಬಿಡುವಿನೊಳಗೆ ಸ್ಟಾಫ್ ರೂಮಿಗೆ ಸುದ್ದಿ ಮುಟ್ಟಿತ್ತು. ಒಬ್ಬಿಬ್ಬರು ತುಟಿಯಂಚಲ್ಲಿ ನಕ್ಕರು. ಹೆಡ್‌ಮೇಡಂ ತಾಳ್ಮೆಯ ಉದಾಹರಣೆಗೆ ಅವಳನ್ನು ಮತ್ತೆ ಕರೆಯಲಿಲ್ಲ. ಅವಳಿಗೆ ಆ ಹೆಸರಿನ ಭಾರ ಒಂದಿಷ್ಟು ಇಳಿದಂತಾಗಿತ್ತು.

ಮನೆಗೆ ಹೋಗುವ ದಾರಿಯುದ್ದಕ್ಕೂ ತನ್ನದೇ ಪಾಠ ತಲೆಯಲ್ಲಿ ಸುತ್ತುತ್ತಿತ್ತು. ಗೋಡೆಯಲ್ಲಿ ತೆಳು ದನಿ ನಿಂತುಹೋಗುತ್ತದೆ, ದಪ್ಪ ದನಿ ದಾಟುತ್ತದೆ. ಮುಪ್ಪಿನ ಕಿವಿಯೂ ಹಾಗೇ ಇದ್ದರೆ? ಸಿಟ್ಟು ಬಂದಾಗ ತನ್ನ ದನಿ ಏರಿ ಏರಿ ತಂತಿಯ ಹಾಗೆ ತೆಳ್ಳಗಾಗುತ್ತದೆ. ಅಂದರೆ ಕೂಗಿದಷ್ಟೂ ಅತ್ತೆಗೆ ಕೇಳಿಸುವುದು ಕಡಿಮೆ. ಇಷ್ಟನ್ನು ಮಕ್ಕಳಿಗೆ ಹೇಳುವವಳಿಗೆ ಮನೆಯಲ್ಲಿ ಹೊಳೆದಿರಲಿಲ್ಲ.

ಅತ್ತೆ ಕಿಟಕಿಯ ಬಳಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಟೀಚರ್ ಸ್ಟೂಲು ಎಳೆದುಕೊಂಡು ಅವರ ಎಡಗಡೆ, ಇನ್ನೂ ಅಷ್ಟಿಷ್ಟು ಕೇಳಿಸುವ ಕಿವಿಯ ಕಡೆ, ಸೀರೆಗೆ ಸೀರೆ ತಾಗುವಷ್ಟು ಹತ್ತಿರ ಕೂತಳು. ದನಿ ಇಳಿಸಿ, ಒಂದೊಂದೇ ಮಾತು ಬಿಡಿಸಿ, ರಾತ್ರಿ ಅಡುಗೆಗೆ ಏನು ಮಾಡಲಿ ಎಂದು ಕೇಳಿದಳು.

ಅತ್ತೆ ಕೈಯ ಕೆಲಸ ನಿಲ್ಲಿಸಿ ಅವಳನ್ನೇ ನೋಡಿದರು. "ಯಾಕೆ, ಗಂಟಲು ಕಟ್ಟಿದೆಯಾ?"

"ಇಲ್ಲ ಅತ್ತೆ. ಕೇಳಿಸ್ತಾ?"

"ಕೇಳಿಸ್ತು. ಇದನ್ನೇ ಪಲ್ಯ ಮಾಡು."

ಅವಳು ಒಂದು ಹುರುಳಿಕಾಯಿ ಎತ್ತಿಕೊಂಡಳು. ಇಷ್ಟು ದಿನ ಬಾಯಿಗೆ ಬಂದ ಹಾಗೆ ಅಂದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು. ಅತ್ತೆ ಇನ್ನೊಂದು ಕಾಯಿಯ ನಾರು ಎಳೆದರು.

"ನೀನು ಅಂದದ್ದು ಅರ್ಧಕ್ಕರ್ಧ ನನಗೆ ತಿಳೀತಾನೇ ಇರಲಿಲ್ಲ," ಎಂದರು. "ಮುಖ ಮಾತ್ರ ಕಾಣ್ತಿತ್ತು. ಏನು ತಪ್ಪು ಮಾಡಿದೆ ಅಂತ ಗೊತ್ತಾಗ್ತಿರಲಿಲ್ಲ ನೋಡು, ಅದೇ ಕಷ್ಟ."

ಇಬ್ಬರೂ ಸೇರಿ ಬುಟ್ಟಿ ಖಾಲಿ ಮಾಡಿದರು.

ಅಂದಿನಿಂದ ಮನೆಯಲ್ಲಿ ಹಾಲುಜೇನು ಹರಿಯಿತು ಎಂದೇನಲ್ಲ. ವಾರ ಕಳೆಯುವುದರೊಳಗೆ ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿದಾಗ ಅವಳ ದನಿ ಮತ್ತೆ ತಂತಿಯಾಯಿತು. ಅರ್ಧ ಮಾತಿಗೇ ನಿಲ್ಲಿಸಿ, ಒಲೆ ಆರಿಸಿ, ಅತ್ತೆಯ ಪಕ್ಕ ಹೋಗಿ ಕೂತಳು. ಹಾಗೆ ಕೂರುವುದು ಅಭ್ಯಾಸವಾದ ಮೇಲೆ ಅತ್ತೆಯೂ ತಾವಾಗಿ ಮಾತಿಗೆ ತೊಡಗಿದರು. ಒಂದು ಸಂಜೆ, ತಾವು ಹೊರಗೆ ಹೋಗುವುದನ್ನು ಬಿಟ್ಟದ್ದು ಯಾಕೆಂದು ಹೇಳಿದರು. ಮೂಲೆಯ ಅಂಗಡಿಗೂ ಹೋಗದೆ ಕೂರುವುದನ್ನು ಸೊಸೆ ಸೋಮಾರಿತನವೆಂದೇ ತಿಳಿದಿದ್ದಳು. ಹಾರ್ನ್ ಕೇಳಿಸುತ್ತದೆ, ಆದರೆ ಗಾಡಿ ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯುವುದಿಲ್ಲ. ಒಮ್ಮೆ ರಸ್ತೆಯ ನಡುವೆ ಹಾಗೇ ನಿಂತುಬಿಟ್ಟಿದ್ದರಂತೆ, ಯಾರೋ ಕೈಹಿಡಿದು ಎಳೆದುಕೊಂಡರಂತೆ. ಮನೆಯಲ್ಲಿ ಹೇಳಲು ನಾಚಿಕೆಯಾಗಿತ್ತು.

ಟೀಚರ್ ಎದ್ದು ಇಬ್ಬರ ಚಪ್ಪಲಿಯನ್ನೂ ಬಾಗಿಲ ಬಳಿ ಇಟ್ಟಳು. ಇನ್ನೂ ಬೆಳಕಿತ್ತು. ಬೀದಿಯಲ್ಲಿ ಅವಳು ಅತ್ತೆಯ ಬಲಗಡೆ, ಏನೂ ಕೇಳಿಸದ ಕಿವಿಯ ಕಡೆ, ನಡೆದಳು. ಗಾಡಿ ಬಂದಾಗಲೆಲ್ಲ ಮೊಣಕೈ ಮುಟ್ಟಿ ತಿಳಿಸಿದಳು. ಅಂಗಡಿಯಲ್ಲಿ ಅತ್ತೆ ಬಿಸ್ಕತ್ತಿನ ಪೊಟ್ಟಣ ಒಂದನ್ನು ತಾವೇ ಆರಿಸಿದರು. ಅಂಗಡಿಯವನು ಬಹಳ ದಿನವಾಯಿತಲ್ಲ ಅಜ್ಜಿ ಎಂದಾಗ ಎಡಗಿವಿ ಅವನತ್ತ ತಿರುಗಿಸಿ, ಇನ್ನೊಮ್ಮೆ ಹೇಳಪ್ಪ, ಮೆಲ್ಲಗೆ ಹೇಳು, ಎಂದರು.