ಕೂಗುವ ಟರ್ಮಿನಲ್‌ಗಳು

ಆ ‘ಪೀಂ’ ಅನ್ನುವ ಸದ್ದು ತಾನೇ ಹುಟ್ಟಿಸಿದ್ದು ಅಂತ ಮಾರ್ಲಿಸ್‌ಗೆ ಮೊದಮೊದಲು ಹೆಮ್ಮೆಯೋ ಹೆಮ್ಮೆ. ಹೆಮ್ಮೆಪಡಬೇಕಾದ್ದೇ ಬಿಡಿ. ಡೆ ಮೊಯ್ನ್ ಊರಿನ ಆಲಿಕಲ್ಲು ವಿಮೆ ಕಂಪನಿಯಲ್ಲಿ ಅವಳ ಕೆಲಸವೇ ಅದು. ಮೂರನೇ ಮಹಡಿಯ ಗಾಜಿನ ಕೋಣೆಯಲ್ಲಿ ದೊಡ್ಡ ಕಂಪ್ಯೂಟರು ತಣ್ಣಗೆ ಕೂತಿರುತ್ತಿತ್ತು. ಎರಡನೇ ಮಹಡಿಯ ಹಾಲಿನಲ್ಲಿದ್ದ ಟರ್ಮಿನಲ್‌ಗಳ ತೆರೆಯ ಮೇಲೆ ಅದು ಏನು ತೋರಿಸಬೇಕು, ಯಾವ ಸಾಲು ಮಂಕಾಗಿರಬೇಕು, ಯಾವುದು ಹೊಳೆಯಬೇಕು, ಯಾವ ಕಾಗದ ಯಾವ ಪ್ರಿಂಟರಿನಿಂದ ಹೊರಬೀಳಬೇಕು ಅನ್ನುವುದನ್ನೆಲ್ಲ ಹೇಳಿಕೊಡುವ ಪ್ರೋಗ್ರಾಂ ಬರೆಯುತ್ತಿದ್ದವಳು ಅವಳು. ಕೆಳಗೆ ಕೂತ ಹೆಂಗಸು ರೈತನ ಅರ್ಜಿಯೊಂದನ್ನು ತುಂಬಿ ಗುಂಡಿ ಒತ್ತಿದಳು ಅನ್ನಿ, ಅವಳ ಕೀಬೋರ್ಡಿಗೆ ಬೀಗ ಬಿದ್ದುಬಿಡುತ್ತದೆ. ಮೇಲಿನಿಂದ ಪ್ರೋಗ್ರಾಂ ‘ಸರಿ, ಮುಂದೆ ನಡಿ’ ಅಂದ ಮೇಲೇ ಬೀಗ ತೆಗೆಯುವುದು. ತುಂಬಿದ್ದರಲ್ಲಿ ತಪ್ಪಿದ್ದರೆ ಹಾಗೆ ಬೀಗ ತೆಗೆಯುವಾಗಲೇ ಟರ್ಮಿನಲ್‌ನಲ್ಲಿ ಒಂದು ಸದ್ದು ಮಾಡಿಸಿದರೆ ಹೇಗೆ ಅಂತ ಅವಳಿಗೆ ಹೊಳೆದಿತ್ತು. ಪ್ರೋಗ್ರಾಮಿನಲ್ಲಿ ಒಂದೇ ಒಂದು ಚುಕ್ಕೆಯಷ್ಟು ಬದಲಾವಣೆ. ತನ್ನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಒಂದೇ ಟರ್ಮಿನಲ್ ಮುಂದೆ ಕೂತು ಪರೀಕ್ಷೆ ಮಾಡಿದಳು. ಪೀಂ. ಎಷ್ಟು ಮೃದು, ಎಷ್ಟು ಮರ್ಯಾದಸ್ಥ ಸದ್ದು! ಯಾರೋ ಮೆತ್ತಗೆ ಭುಜ ತಟ್ಟಿ ‘ಇಲ್ನೋಡಮ್ಮ’ ಅಂದ ಹಾಗಿತ್ತು.

ಅಲ್ಲೇ ಅವಳು ಎಡವಿದ್ದು. ಕೋಣೆಯಲ್ಲಿ ಒಬ್ಬಳೇ ಕೂತು ಕೇಳಿದ ಸದ್ದೇ ಬೇರೆ, ತುಂಬಿದ ಹಾಲಿನಲ್ಲಿ ಕೇಳುವ ಸದ್ದೇ ಬೇರೆ. ಅಲ್ಲಿ ಸಾಲುಸಾಲಾಗಿ ಹೆಂಗಸರು ಕೂತಿದ್ದಾರೆ, ಎಲ್ಲರಿಗೂ ಎಲ್ಲರ ಉಸಿರೂ ಕೇಳುತ್ತದೆ. ಯಾರ ಟರ್ಮಿನಲ್ ‘ಪೀಂ’ ಅಂದರೂ ಮೂರು ಸಾಲಿನ ತಲೆ ಅತ್ತ ತಿರುಗುತ್ತದೆ. ಮೊದಲ ದಿನವೇ ಅತಿ ಹೆಚ್ಚು ತಲೆಗಳು ತಿರುಗಿದ್ದು ಕಿಟಕಿ ಪಕ್ಕದ ಟರ್ಮಿನಲ್ ಕಡೆಗೆ. ಅಲ್ಲಿ ಕೂತಿದ್ದವಳು ಆರ್ವಿಲ್ಲಾ. ಮಾರ್ಲಿಸ್‌ಳ ಗಂಡ ಗೇಲನ್‌ನ ತಾಯಿ, ಸಾಕ್ಷಾತ್ ಅತ್ತೆ!

ಆರ್ವಿಲ್ಲಾ ಅಂದರೆ ಸುಮ್ಮನೆ ಅಲ್ಲ. ಟೈಪ್‌ರೈಟರ್ ಕಾಲದಿಂದ ಆ ಹಾಲಿನಲ್ಲಿ ಅವಳ ಬೆರಳಿನ ವೇಗಕ್ಕೆ ಸಾಟಿ ಇರಲಿಲ್ಲ. ಗಂಡ ಸತ್ತ ಮೇಲೆ ಮಗನನ್ನು ಸಾಕಿದ್ದು ಆ ಬೆರಳಿನಿಂದಲೇ. ಕಿಟಕಿ ಪಕ್ಕದ ಕುರ್ಚಿ ಯಾರೂ ದಾನ ಕೊಟ್ಟದ್ದಲ್ಲ, ದುಡಿದು ಗಳಿಸಿದ್ದು. ಅಂಥವಳ ಟರ್ಮಿನಲ್ ಹೊಸದಾಗಿ ಸೇರಿದ ಹುಡುಗಿಯರದ್ದಕ್ಕಿಂತ ಹೆಚ್ಚು ಕೂಗತೊಡಗಿದರೆ ಹೇಗಾಗಬೇಡ?

ಹಾಲಿನ ಮ್ಯಾನೇಜರ್ ಕಿಟಲ್‌ಸನ್‌ಗಂತೂ ಹಬ್ಬ. ಆ ಮನುಷ್ಯನಿಗೆ ಬೇರೆಯವರ ತಪ್ಪು ಅಂದರೆ ಬೆಳಗಿನ ಕಾಫಿಗಿಂತ ರುಚಿ. ಗಾಜಿನ ಕ್ಯಾಬಿನ್ನಿನಲ್ಲಿ ಕಾಲು ಚಾಚಿ ಕೂತು, ಕಣ್ಣು ಮುಚ್ಚಿಕೊಂಡೇ ಯಾರ ಕಡೆಯಿಂದ ಸದ್ದು ಬಂತು ಅಂತ ಹೇಳುತ್ತಿದ್ದ. ಟರ್ಮಿನಲ್‌ಗಳಲ್ಲಿ ಸದ್ದು ತಗ್ಗಿಸುವ ತಿರುಪು ಇತ್ತು. ಯಾರೋ ತಗ್ಗಿಸಿದ್ದು ಕಂಡು ಎಲ್ಲ ತಿರುಪುಗಳ ಮೇಲೂ ಟೇಪು ಅಂಟಿಸಿಬಿಟ್ಟ ಪುಣ್ಯಾತ್ಮ. ಆಮೇಲೆ ಹಾಲಿನ ನಡುವೆ ನಿಂತು ಹೇಳಿದ:

“ಆಲಿಕಲ್ಲಿನ ಕಾಲ ಮುಗೀಲಿ. ಯಾರ ಟರ್ಮಿನಲ್ ಜಾಸ್ತಿ ಕೂಗುತ್ತೋ ಅವರು ಕೆಳಗೆ ಫೈಲು ಗೋಡೌನಿಗೆ. ಅಲ್ಲಿ ಕೂಗೋಕೆ ಯಾವ ಪೆಟ್ಟಿಗೇನೂ ಇಲ್ಲ, ಆರಾಮಾಗಿ ಇರಬಹುದು.”

ಫೈಲು ಗೋಡೌನು ನೆಲದಡಿಯಲ್ಲಿತ್ತು. ಒಂದು ಕಿಟಕಿಯೂ ಇಲ್ಲ. ಅವನು ಮಾತಾಡಿದ್ದು ಎಲ್ಲರಿಗೂ, ನೋಡಿದ್ದು ಮಾತ್ರ ಆರ್ವಿಲ್ಲಾಳನ್ನು.

ಆ ಭಾನುವಾರ ಚರ್ಚು ಮುಗಿಸಿಕೊಂಡು ಎಂದಿನಂತೆ ಅತ್ತೆಯ ಮನೆಯಲ್ಲಿ ಊಟ. ಬೇಯಿಸಿದ ಗೋಮಾಂಸ, ಆಲೂಗಡ್ಡೆ, ಬೆಣ್ಣೆ ಸವರಿದ ಮೆಕ್ಕೆಜೋಳದ ತೆನೆ. ಗೇಲನ್ ತಟ್ಟೆಯಿಂದ ತಲೆಯೆತ್ತದೆ ತಿನ್ನುತ್ತಿದ್ದ. ಮನೆಯಲ್ಲಿ ಬಿಸಿ ಏರಿದಾಗ ಅವನು ಹಿಡಿಯುವ ದಾರಿಯೇ ಅದು.

“ಇನ್ನೊಂದು ತೆನೆ ಹಾಕ್ಕೋ,” ಅಂದಳು ಆರ್ವಿಲ್ಲಾ ಸೊಸೆಗೆ. “ತಪ್ಪಾಗಿ ಹಾಕ್ಕೊಂಡ್ರೂ ಇಲ್ಲಿ ಯಾರೂ ಪೀಂ ಅನ್ನಲ್ಲ.”

ಮಾರ್ಲಿಸ್‌ಳ ಮುಖ ಕೆಂಪಾಯಿತು. “ಆರ್ವಿಲ್ಲಾ, ಅದು ಯಾರನ್ನೂ ಬೈಯೋಕೆ ಮಾಡಿದ್ದಲ್ಲ. ಸಹಾಯ ಆಗ್ಲಿ ಅಂತ...”

“ಆಗ್ತಿದೆ, ಆಗ್ತಿದೆ! ಬೇಕಾದಷ್ಟು ಸಹಾಯ ಆಗ್ತಿದೆ. ನಾನು ಆ ಹಾಲಿಗೆ ಕಾಲಿಟ್ಟಾಗ ನೀನು ಹುಟ್ಟೇ ಇರ್ಲಿಲ್ಲ. ಈಗ ನನ್ನ ಸೊಸೆ ಮಾಡಿದ ಪೆಟ್ಟಿಗೆ ಊರೆಲ್ಲಾ ಕೇಳೋ ಹಾಗೆ ನನ್ನ ಮಾನ ಹರಾಜು ಹಾಕುತ್ತೆ. ಪಕ್ಕದ ಸಾಲಿನ ಲವೋನ್ ಕೇಳ್ತಾಳೆ, ಮನೇಲಿ ಏನಾದ್ರೂ ಜಗಳ ಆಯ್ತಾ ಅಂತ!”

“ಅಮ್ಮ, ಆಲೂಗಡ್ಡೆ ಚೆನ್ನಾಗಿದೆ,” ಅಂದ ಗೇಲನ್.

“ನೀನು ಸುಮ್ನೆ ತಿನ್ನು.”

ವಾಪಸು ಬರುವಾಗ ಕಾರಿನಲ್ಲಿ ಮಾರ್ಲಿಸ್‌ಗೆ ಅದೇ ಯೋಚನೆ. ಮದುವೆಯಾಗಿ ಒಂದು ವರ್ಷ. ಅತ್ತೆಯ ಮನಸ್ಸು ಗೆಲ್ಲಬೇಕೆಂದು ಅವಳು ಹೆಣಗಿದ್ದು ಅಷ್ಟಿಷ್ಟಲ್ಲ. ಅದೆಲ್ಲ ಹಾಳಾಗಿ ಹೋಗಲಿ, ಈಗ ಅತ್ತೆಯ ಕುರ್ಚಿಯೇ ಹೋಗುವ ಹಾಗಾಗಿದೆ. ಅದನ್ನು ಕಿತ್ತುಕೊಳ್ಳುತ್ತಿರುವುದು ತನ್ನದೇ ಕೈಕೆಲಸ.

ಸೋಮವಾರ ಪ್ರಿಂಟರ್ ಪರೀಕ್ಷೆಯ ನೆಪ ಮಾಡಿಕೊಂಡು ಅವಳು ಕೆಳಗಿಳಿದಳು. ಹಾಲಿನ ಮೂಲೆಯ ಪ್ರಿಂಟರಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ನಿಂತಳು, ಕಣ್ಣು ಮಾತ್ರ ಕಿಟಕಿಯ ಕಡೆಗೆ. ತೆರೆಯ ಮೇಲಿರುವುದನ್ನು ಹಾಗೇ ಕಾಗದಕ್ಕೆ ಇಳಿಸುವ ಗುಂಡಿಯೊಂದನ್ನು ಅವಳು ಎಲ್ಲರಿಗೂ ಮಾಡಿಕೊಟ್ಟಿದ್ದಳು, ಅಪರೂಪಕ್ಕೆ ಬೇಕಾದೀತು ಅಂತ. ಆರ್ವಿಲ್ಲಾ ಅದನ್ನು ಒತ್ತಿದಳು. ಪ್ರಿಂಟರ್ ಗರಗರ ಅಂದಿತು. ಆರ್ವಿಲ್ಲಾ ಎದ್ದು ಬಂದು, ಸೊಸೆಯನ್ನು ಕಂಡೂ ಕಾಣದವಳಂತೆ ಕಾಗದ ಹರಿದುಕೊಂಡು, ಕಿಟಕಿಯ ಬೆಳಕಿಗೆ ಹೋಗಿ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದಳು. ಆಮೇಲೆ ಕೂತು ಟೈಪು ಮಾಡಿದಳು. ಸದ್ದಿಲ್ಲ. ಮುಂದಿನ ಅರ್ಜಿಯ ಹೊತ್ತಿಗೆ ಪ್ರಿಂಟರಿನಲ್ಲಿ ಬೇರೆ ಯಾರದೋ ಪತ್ರ ಓಡುತ್ತಿತ್ತು, ಕಾಯಲು ಪುರುಸೊತ್ತಿಲ್ಲ. ಕಾಗದವಿಲ್ಲದೆಯೇ ತುಂಬಿದಳು. ಪೀಂ!

“ಅವಳು ಪ್ರತಿಯೊಂದಕ್ಕೂ ಹಾಗೇ ಕಣೇ,” ಅಂದಳು ಪಕ್ಕದ ಸಾಲಿನ ಲವೋನ್, ಚ್ಯೂಯಿಂಗ್ ಗಮ್ ಅಗಿಯುತ್ತ. “ಅರ್ಧ ಕಾಡನ್ನೇ ಕಾಗದ ಮಾಡಿ ಖರ್ಚು ಮಾಡಿದಾಳೆ. ಯಾಕೆ ಅಂತ ಕೇಳಿದ್ರೆ ‘ನಿನ್ನ ಕೆಲಸ ನೋಡ್ಕೋ’ ಅಂತಾಳೆ.”

ಮಾರ್ಲಿಸ್‌ಗೆ ಎಲ್ಲ ಅರ್ಥವಾಯಿತು. ಪಾಲಿಸಿಯಲ್ಲಿರುವ ಹೊಲಗಳ ನಂಬರುಗಳು ತೆರೆಯ ಕೆಳಗಡೆ ಬರುತ್ತವೆ. ಅವುಗಳಲ್ಲಿ ಆಲಿಕಲ್ಲು ಬಿದ್ದ ಹೊಲ ಯಾವುದೋ ನೋಡಿ ಆ ನಂಬರನ್ನು ತುಂಬಬೇಕು. ತೆರೆ ಅಂದವಾಗಿ ಕಾಣಲಿ ಅಂತ ಆ ಸಾಲನ್ನು ಅವಳು ಮಂಕಾಗಿಟ್ಟಿದ್ದಳು. ಆ ಮಂಕು ಹಸಿರು ಅಕ್ಷರಗಳಲ್ಲಿ ಆರ್ವಿಲ್ಲಾಳ ಕಣ್ಣಿಗೆ ಮೂರೂ ಒಂದೇ, ಎಂಟೂ ಒಂದೇ. ಬೆರಳಿಗೆ ಏನೂ ಆಗಿರಲಿಲ್ಲ. ಕಣ್ಣು ಕೈಕೊಟ್ಟಿತ್ತು.

ಮಧ್ಯಾಹ್ನ ಮೆಟ್ಟಿಲ ಮೇಲೆ ಅತ್ತೆಯನ್ನು ಹಿಡಿದು ನಿಲ್ಲಿಸಿ ಮೆಲ್ಲಗೆ ಕೇಳಿದಳು: “ಕಣ್ಣಿಗೆ ಏನಾಗಿದೆ, ಆರ್ವಿಲ್ಲಾ?”

“ನನ್ನ ಕಣ್ಣಿಗೆ ಏನೂ ಆಗಿಲ್ಲ. ನಿನ್ನ ಅಕ್ಷರಗಳೇ ಸೊಟ್ಟ.” ಎರಡು ಮೆಟ್ಟಿಲು ಇಳಿದವಳು ನಿಂತಳು. “ಗೇಲನ್ ಹತ್ರ ಏನಾದ್ರೂ ಬಾಯಿ ಬಿಟ್ಟೆಯೋ, ನೋಡು ಮತ್ತೆ.”

ಮಾರ್ಲಿಸ್ ನೇರವಾಗಿ ಕಿಟಲ್‌ಸನ್‌ನ ಕ್ಯಾಬಿನ್ನಿಗೆ ಹೋದಳು. “ಮಿಸ್ಟರ್ ಕಿಟಲ್‌ಸನ್, ಆ ಸದ್ದು ತೆಗೆದುಬಿಡೋಣ. ತಪ್ಪಾದ ಜಾಗ ಹೊಳೆಯೋ ಹಾಗೆ ಮಾಡ್ತೀನಿ. ಕೂತವರಿಗೆ ಮಾತ್ರ ಗೊತ್ತಾದ್ರೆ ಸಾಕಲ್ವಾ?”

“ತೆಗೆಯೋದಾ? ಈ ಕಂಪನಿಗೆ ಕಂಪ್ಯೂಟರ್ ಬಂದಾಗಿನಿಂದ ನೀವು ಮಾಡಿದ ಒಂದೇ ಒಂದು ಉಪಯೋಗದ ಕೆಲಸ ಅದು!” ಅಂದ ಅವನು ಕುರ್ಚಿ ಹಿಂದಕ್ಕೆ ಒರಗಿಸುತ್ತ. “ಒಂದೇ ಕೊರತೆ. ತಪ್ಪು ಕೇಳಿಸುತ್ತೆ, ಕೆಲಸ ಕೇಳಿಸಲ್ಲ. ಸುಮ್ನಿರೋ ಟರ್ಮಿನಲ್ ಸರಿಯಾಗಿ ಕೆಲಸ ಮಾಡ್ತಿದೆಯೋ, ಅದರ ಮುಂದೆ ಕೂತಿರೋಳು ಉಗುರು ಉಜ್ಜಿಕೊಳ್ತಿದಾಳೋ, ಹೇಗೆ ಗೊತ್ತಾಗ್ಬೇಕು ನನಗೆ?”

ಮಾರ್ಲಿಸ್ ಬಾಗಿಲ ತನಕ ಹೋಗಿದ್ದವಳು ತಿರುಗಿದಳು. ಅವಳ ತಲೆಯಲ್ಲಿ ಏನೋ ಮಿಣುಕ್ ಅಂದಿತ್ತು.

“ಅದಕ್ಕೇನಂತೆ? ಸರಿಯಾದ ಅರ್ಜಿಗೂ ಸದ್ದು ಮಾಡಿಸಬಹುದು.”

“ಆಗುತ್ತಾ?”

“ಆಗುತ್ತೆ. ಆದ್ರೆ ಟರ್ಮಿನಲ್‌ಗೆ ಗೊತ್ತಿರೋದು ಒಂದೇ ಸದ್ದು. ಸರಿಗೂ ಅದೇ, ತಪ್ಪಿಗೂ ಅದೇ. ಮೊದಲೇ ಹೇಳಿರ್ತೀನಿ.”

“ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತೆ ಬಿಡಿ,” ಅಂದ ಕಿಟಲ್‌ಸನ್, ಎದೆ ಉಬ್ಬಿಸಿ. ಹೇಗೆ ಗೊತ್ತಾಗುತ್ತೋ ದೇವರೇ ಬಲ್ಲ. ಆಸೆ ಕಣ್ಣು ಮುಚ್ಚಿಸಿತ್ತು. “ನಾಳೆಯೇ ಹಾಕಿ.”

ಮಾರ್ಲಿಸ್ ಅವನ ಸಹಿ ಹಾಕಿಸಿಕೊಂಡೇ ಮೇಲೆ ಹತ್ತಿದಳು. ಅವಳೇನು ದಡ್ಡಿಯೇ?

ಅದೃಷ್ಟಕ್ಕೋ ದುರದೃಷ್ಟಕ್ಕೋ ಹಿಂದಿನ ವಾರ ರಾಜ್ಯದ ವಾಯವ್ಯಕ್ಕೆ ಗಾಲ್ಫ್ ಚೆಂಡಿನ ಗಾತ್ರದ ಆಲಿಕಲ್ಲು ಸುರಿದಿತ್ತು. ಸೋಯಾ, ಮೆಕ್ಕೆಜೋಳ ಎಲ್ಲ ಚಿಂದಿ. ಅರ್ಜಿಗಳು ಮೂಟೆಮೂಟೆಯಾಗಿ ಬಂದು ಬಿದ್ದಿದ್ದವು. ಮರುದಿನ ಬೆಳಿಗ್ಗೆ ಹಾಲಿನ ಹೆಂಗಸರು ಕೂತು ಮೊದಲ ಅರ್ಜಿ ತುಂಬಿ ಗುಂಡಿ ಒತ್ತಿದರು. ಪೀಂ. ಪಕ್ಕದಲ್ಲಿ ಪೀಂ. ಹಿಂದೆ ಪೀಂ, ಮುಂದೆ ಪೀಂ ಪೀಂ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಪ್ಪಿಲ್ಲ, ಆದರೂ ಕೂಗು!

ಮೊದಲು ನಕ್ಕವಳು ಲವೋನ್. ಕ್ಯಾಬಿನ್ನಿನ ಮಾತು ಹೇಗೋ ಅವಳ ಕಿವಿಗೆ ಬಿದ್ದಿತ್ತು. ಅವಳು ಸುಮ್ಮನಿರುವ ಪೈಕಿಯೇ ಅಲ್ಲ.

“ನೋಡ್ರೇ, ಮ್ಯಾನೇಜರ್ ಸಾಹೇಬ್ರಿಗೆ ನಮ್ಮ ಕೆಲಸ ಕೇಳಿಸ್ಬೇಕಂತೆ. ಕೇಳಿಸೋಣ ಬನ್ನಿ!”

ಅಷ್ಟು ಸಾಕಾಗಿತ್ತು. ಬೆರಳುಗಳು ಹಾರಿದವು. ಆ ಹೆಂಗಸರು ತಮ್ಮ ಜನ್ಮದಲ್ಲಿ ಅಷ್ಟು ಚುರುಕಾಗಿ ದುಡಿದಿರಲಿಲ್ಲ. ಹಾಲು ತುಂಬ ಸಂಜೆಯ ಜೀರುಂಡೆಗಳನ್ನು ತಂದು ಬಿಟ್ಟ ಹಾಗೆ ಒಂದೇ ಸಮನೆ ಪೀಂಪೀಂಪೀಂ. ಫೋನಿನಲ್ಲಿದ್ದ ರೈತನೊಬ್ಬ “ಅಲ್ಲೇನು ಬೆಂಕಿ ಬಿದ್ದಿದೆಯಾ?” ಅಂತ ಕೇಳಿದನಂತೆ. ಆರ್ವಿಲ್ಲಾಳ ಟರ್ಮಿನಲ್ಲೂ ಕೂಗುತ್ತಿತ್ತು, ಆದರೆ ಒಂದು ತಲೆಯೂ ಅತ್ತ ತಿರುಗಲಿಲ್ಲ. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು.

ಕ್ಯಾಬಿನ್ನಿನಲ್ಲಿ ಕಿಟಲ್‌ಸನ್ ಮೊದಲು ತಲೆದೂಗಿದ. ಆಮೇಲೆ ಬಾಗಿಲು ಹಾಕಿಕೊಂಡ. ಕಿವಿಗೆ ಕೈ ಹಚ್ಚಿಕೊಂಡ. ಕಂಪನಿಯ ಅಧ್ಯಕ್ಷರು ಫೋನು ಮಾಡಿದರೆ ಅವರ ಮಾತು ಒಂದೂ ಕೇಳಿಸದೆ “ಹೌದು ಸಾರ್, ಹೌದು ಸಾರ್” ಅಂದುಬಿಟ್ಟ. ಅವರು ಕೇಳಿದ್ದು ‘ನಿಮಗೆ ತಲೆ ಕೆಟ್ಟಿದೆಯೇನ್ರಿ’ ಅಂತ! ಕಾಫಿಯ ಬಿಡುವಿಗೆ ಮುಂಚೆಯೇ ಅವನು ಮೆಟ್ಟಿಲು ಹತ್ತಿ ಮಾರ್ಲಿಸ್‌ಳ ಕೋಣೆಗೆ ನುಗ್ಗಿದ. ಟೈ ಭುಜದ ಮೇಲಿತ್ತು.

“ನಿಲ್ಸಿ! ನಿಲ್ಸಿ ಮಾರಾಯ್ತಿ!”

“ಸರಿಯಾದ್ದಕ್ಕೆ ಮಾತ್ರ ನಿಲ್ಲಿಸ್ಲಾ?” ಅಂತ ಕೇಳಿದಳು ಮಾರ್ಲಿಸ್, ಬೆಣ್ಣೆಯಂಥ ದನಿಯಲ್ಲಿ. “ತಪ್ಪಿಂದು ಹಾಗೇ ಇರ್ಲಾ?”

“ಎಲ್ಲಾ ತೆಗೀರಿ! ಇನ್ನೊಂದು ಸಲ ಆ ಪೀಂ ಕೇಳಿದ್ರೆ ನಾನೇ ಆ ಫೈಲು ಗೋಡೌನಿಗೆ ಹೋಗಿ ಕೂತ್ಕೊಳ್ತೀನಿ!”

ಅದಕ್ಕೂ ಸಹಿ ಹಾಕಿಸಿಕೊಂಡಳು. ಸದ್ದಿಲ್ಲದ ಪ್ರೋಗ್ರಾಂ ಹಿಂದಿನ ದಿನವೇ ಬರೆದಿಟ್ಟಾಗಿತ್ತು. ಅದರಲ್ಲಿ ತಪ್ಪಾದ ಜಾಗ ತಾನೇ ಹೊಳೆಯುತ್ತಿತ್ತು. ಕೆಳಗಿನ ಮಂಕು ಸಾಲು ಈಗ ಮಂಕಾಗಿರಲಿಲ್ಲ, ಹೊಲದ ನಂಬರುಗಳ ನಡುವೆ ಒಂದೊಂದು ಬೆರಳಿನಷ್ಟು ಜಾಗವೂ ಇತ್ತು. ಕಾಫಿ ಕುಡಿದು ಹೆಂಗಸರು ವಾಪಸು ಬರುವಷ್ಟರಲ್ಲಿ ಹಾಲು ತಣ್ಣಗಾಗಿತ್ತು. ಅವರೆಲ್ಲ ತಮ್ಮ ಪಾಡಿಗೆ ಕೆಲಸಕ್ಕೆ ತೊಡಗಿದರು. ಇನ್ನು ಯಾರ ತಪ್ಪು ಎಷ್ಟು ಅಂತ ಅಳೆಯಲು ಕಿಟಲ್‌ಸನ್‌ನ ಕಿವಿ ಉಪಯೋಗಕ್ಕೆ ಬರುವಂತಿರಲಿಲ್ಲ. ಗೋಡೌನಿನ ಮಾತು ಅವನು ಮತ್ತೆ ಎತ್ತಲೇ ಇಲ್ಲ.

ಕೆಲಸ ಮುಗಿಯುವ ಹೊತ್ತಿಗೆ ಮಾರ್ಲಿಸ್‌ಳ ಕೋಣೆಯ ಬಾಗಿಲು ಯಾರೋ ಬಡಿದರು. ಆರ್ವಿಲ್ಲಾ. ಮೂರನೇ ಮಹಡಿಗೆ ಅವಳು ಹತ್ತಿದ್ದು ಅದೇ ಮೊದಲು. ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು.

“ಆ ಸಾಲು ಎಲ್ಲರಿಗೂ ಹೊಳೆಯೋ ಹಾಗೆ ಮಾಡಿದ್ಯೋ, ನನಗೊಬ್ಬಳಿಗೇನೋ?”

“ಎಲ್ಲರಿಗೂ.”

“ಹಾಗಾದ್ರೆ ಸರಿ. ನನಗೊಬ್ಬಳಿಗೆ ಅಂದಿದ್ರೆ ಈಗ್ಲೇ ಎದ್ದು ಹೋಗ್ತಿದ್ದೆ.” ಸ್ವಲ್ಪ ಹೊತ್ತು ಚೀಲದ ಕೊಂಡಿ ತೆಗೆಯುತ್ತ ಹಾಕುತ್ತ ಇದ್ದಳು. “ಪೊರೆ ಕಣೇ. ಎರಡೂ ಕಣ್ಣಿಗೆ. ಆಪರೇಷನ್ ಮಾಡಿದ್ರೆ ಹೋಗುತ್ತೆ ಅಂತಾರೆ ಡಾಕ್ಟರು. ರಜೆ ಕೇಳಿದ್ರೆ ಆ ಕಿಟಲ್‌ಸನ್ ಕುರ್ಚಿಗೇ ಕೈ ಹಾಕ್ತಾನೇನೋ ಅಂತ ಬಾಯಿ ಮುಚ್ಕೊಂಡಿದ್ದೆ. ಭಯ ಆಗಿತ್ತು. ನಿಜವಾಗ್ಲೂ ಭಯ ಆಗಿತ್ತು.”

“ನಂಗೆ ಹೇಳ್ಬಾರ್ದಿತ್ತಾ?”

“ಈಗ ಹೇಳ್ತಿದೀನಲ್ಲ. ಸುಗ್ಗಿ ಮುಗಿದ ಮೇಲೆ ಆಸ್ಪತ್ರೆಗೆ ಸೇರ್ತೀನಿ. ನನ್ನ ಕರ್ಕೊಂಡು ಹೋಗ್ಬೇಕಾದವಳು ನೀನು. ಗೇಲನ್ ಬೇಡ. ಆಸ್ಪತ್ರೆ ವಾಸನೆಗೇ ಮೂರ್ಛೆ ಹೋಗ್ತಾನೆ, ಆಮೇಲೆ ಅವನ ಆರೈಕೆನೂ ನಂದೇ ಆಗುತ್ತೆ.”

ಮಾರ್ಲಿಸ್ ನಕ್ಕಳು. “ಬರ್ತೀನಿ. ಪಟ್ಟಿ ಬಿಚ್ಚೋ ತನಕ ಪಕ್ಕದಲ್ಲೇ ಇರ್ತೀನಿ.”

“ಪಟ್ಟಿ ಬಿಚ್ಚುವಾಗ ಪಕ್ಕದಲ್ಲಲ್ಲ, ಎದುರಿಗೆ ನಿಂತ್ಕೋಬೇಕು ನೀನು,” ಅಂದಳು ಆರ್ವಿಲ್ಲಾ. “ನನ್ನ ಮಗ ಯಾರನ್ನ ಕಟ್ಕೊಂಡಿದಾನೆ ಅಂತ ಮದುವೆ ದಿನದಿಂದ ಇವತ್ತಿನ ತನಕ ಸರಿಯಾಗಿ ಕಂಡೇ ಇಲ್ಲ ನಾನು.”