ಬೇಸ್‌ಮೆಂಟಿನ ಸರ್ಕಾರಿ ಕಂಪ್ಯೂಟರು

"ವೈರ್ ಕೀಳೋ ಅಮರೇಶ! ಮೊದಲ ಆ ವೈರ್ ಕೀಳು!"

ನಿಜಲಿಂಗಪ್ಪ ಫೋನು ಹಿಡಿದುಕೊಂಡೇ ಬೇಸ್‌ಮೆಂಟಿನ ಮೆಟ್ಟಿಲು ಇಳಿದು ಬಂದರು. ಒಂದು ಕಾಲಲ್ಲಿ ಮಾತ್ರ ಚಪ್ಪಲಿಯಿತ್ತು. ಅಮರೇಶ ಏನು, ಏಕೆ ಎಂದು ಕೇಳದೆ ಮೇಜಿನ ಕೆಳಗೆ ತೂರಿ ಇಂಟರ್ನೆಟ್ಟಿನ ನೀಲಿ ವೈರನ್ನು ಜಗ್ಗಿದ. ಮನೆಯ ಮೇಲೆ ವಿಮಾನವೊಂದು ಇಳಿಯುತ್ತಿತ್ತು. ಏರ್‌ಪೋರ್ಟಿನ ಮಗ್ಗುಲಿಗೇ ಇರುವ ಮಾಲ್ಟನ್ನಿನಲ್ಲಿ ಆ ಸದ್ದಿಗೆ ಯಾರೂ ಮಾತು ನಿಲ್ಲಿಸುವುದಿಲ್ಲ. ಇವತ್ತು ಅಲ್ಲಿ ಸೇರಿದ್ದ ಕನ್ನಡ ಓದುಬಳಗದ ಐವರೂ ನಿಲ್ಲಿಸಿದರು.

"ಊರಾಗ ನನ್ನ ತಮ್ಮನ ಅಂಗಡಿಗೆ ಪೊಲೀಸರು ಬಂದಿದ್ರಂತ" ಎಂದರು ನಿಜಲಿಂಗಪ್ಪ. "ಇಬ್ರು. ಚಹಾ ತರಿಸ್ಕೊಂಡು ಕುಡದ್ರಂತ. 'ನಿಮ್ಮಣ್ಣ ಕೆನಡಾದಾಗ ಕುಂತು ಭಾಳ ಛಲೋ ಬರೀತಾನಂತಲ್ಲ' ಅಂದ್ರಂತ. ಆಮ್ಯಾಲೆ ನಮ್ಮ ಹೇಳಿಕೆಯ ಮೊದಲನೇ ಸಾಲು ಅಂದು ತೋರಿಸಿದ್ರಂತ. ಬಾಯಿಪಾಠ."

ಮೇಜಿನ ಬಳಿ ಕೂತಿದ್ದ ಗುರುಬಸವ್ವ ಎದ್ದು ನಿಂತಳು. ಆ ಸಾಲು ಅವಳದೇ. 'ಬೀದಿ ಗುಡಿಸುವವರ ಪರವಾಗಿ ಮಾತಾಡಿದವಳನ್ನು ನೀವು ಕಸ ಎತ್ತಿದ ಹಾಗೆ ಎತ್ತಿಕೊಂಡು ಹೋಗಿದ್ದೀರಿ.' ಎತ್ತಿಕೊಂಡು ಹೋದದ್ದು ಅವಳ ತಂಗಿ ನಿಂಗವ್ವನನ್ನು. ಸಂಬಳ ಕೇಳಿದ ಪೌರಕಾರ್ಮಿಕರ ಮೇಲೆ ಲಾಠಿ ಬೀಸಿದ್ದು ಯಾರ ಅಪ್ಪಣೆಯಿಂದ ಎಂದು ಕಾಲೇಜಿನಲ್ಲಿ ಪಾಠ ಹೇಳುವ ನಿಂಗವ್ವ ಸಭೆಯೊಂದರಲ್ಲಿ ಕೇಳಿದ್ದಳು. ಅದಕ್ಕೆ ರಾಜದ್ರೋಹ. ನಾಳೆ ಬೆಳಗ್ಗೆ ಕೋರ್ಟು. ವಕೀಲರು ಫೋನಿನಲ್ಲಿ ಸುತ್ತುಬಳಸದೆ ಹೇಳಿದ್ದರು: "ಹೊರದೇಶದ ನಾಲ್ಕು ಹೆಸರು ಇರ್ಲಿ ಮೇಡಂ. ಯಾರೋ ನೋಡಾಕತ್ಯಾರ ಅಂತ ಗೊತ್ತಾದ್ರ ಒಳಗ ಕೈ ಮಾಡೂದಿಲ್ಲ. ಇಲ್ಲಂದ್ರ ನಾನೇನೂ ಗ್ಯಾರಂಟಿ ಕೊಡೂದಿಲ್ಲ."

ಹೇಳಿಕೆಯನ್ನು ನಿನ್ನೆ ಸಂಜೆ ಇದೇ ಬೇಸ್‌ಮೆಂಟಿನಲ್ಲಿ, ಇದೇ ಕಂಪ್ಯೂಟರಿನಲ್ಲಿ ಟೈಪು ಮಾಡಿದ್ದರು. ಇವತ್ತು ಮತ್ತೊಮ್ಮೆ ಓದಿ, ಹೆಸರು ಹಾಕಿ ಕಳಿಸುವುದೆಂದು ಮಾತಾಗಿತ್ತು. ಇನ್ನೂ ಯಾರಿಗೂ ಕಳಿಸಿರಲಿಲ್ಲ.

"ಹಂಗಾರ ಹ್ಯಾಂಗ ಹೋತು?" ನಿಜಲಿಂಗಪ್ಪನವರ ಹೆಂಡತಿ ನಾಗವ್ವ ಕೇಳಿದರು.

"ಹ್ಯಾಂಗ ಹೋತು ಅಂತ ಕೇಳ್ತಿ? ಅದು ಯಾರದು? ಸರಕಾರದ್ದು."

ಎಲ್ಲರೂ ಕಂಪ್ಯೂಟರಿನತ್ತ ತಿರುಗಿದರು. ಅದರೊಳಗಿದ್ದದ್ದು ಭಾರತ ಸರ್ಕಾರ ಮುಂದೆ ನಿಂತು ಮಾಡಿಸಿದ ಆಪರೇಟಿಂಗ್ ಸಿಸ್ಟಮ್, ದೇಶಭಾಷೆಗಳಲ್ಲೆಲ್ಲ ಮಾತಾಡುವಂಥದ್ದು. ಕೆನಡಾಕ್ಕೆ ಬರುವ ಮೊದಲು ಗುರುಬಸವ್ವ ಬೆಂಗಳೂರಿನಲ್ಲಿ ಅದರ ಕನ್ನಡದ ಕೆಲಸಕ್ಕೇ ಕೂತಿದ್ದವಳು. ಫೈಲಿಗೆ 'ಕಡತ' ಇರಲಿ ಎಂದು ವಾರಗಟ್ಟಲೆ ಜಗಳವಾಡಿದವಳು. ಓದುಬಳಗದ ಹಿರಿಯರು ಇಂಗ್ಲಿಷಿಗೆ ಹೆದರಿ ಕಂಪ್ಯೂಟರು ಮುಟ್ಟುತ್ತಿಲ್ಲವೆಂದು, ಆಫೀಸಿನಲ್ಲಿ ಎಸೆಯಲಿಟ್ಟ ಹಳೇ ಕಂಪ್ಯೂಟರಿನ ಡಬ್ಬಿಯೊಂದನ್ನು ತಂದು ತಾನೇ ಈ ಸಿಸ್ಟಮ್ ಹಾಕಿಕೊಟ್ಟಿದ್ದಳು. ಈ ಕೋಣೆಯಲ್ಲಿ ಪರದೆಯ ಮೇಲೂ ಕನ್ನಡವೇ ಇರತಕ್ಕದ್ದು ಎಂಬುದು ಬಳಗದ ಕಾನೂನಾಗಿತ್ತು. ದಸರೆಗೆ ನಾಗವ್ವ ಅದಕ್ಕೆ ವಿಭೂತಿಯನ್ನೂ ಹಚ್ಚಿದ್ದರು.

"ನಾ ಅವತ್ತ ಹೇಳಿದ್ದೆ" ಎಂದ ಅಮರೇಶ. ಅವನು ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಾನೆ. "ಫ್ರೀ ಕೊಡ್ತಾರಂದ್ರ ಸುಮ್ನ ಕೊಡ್ತಾರೇನ್ರಿ? ನಮ್ಮ ಸರಕಾರ ಫ್ರೀ ಕೊಡೂದು ಲಾಠಿ ಏಟು ಒಂದ."

"ತಡೀರಿ, ಪ್ಯಾನಿಕ್ ಆಗ್ಬೇಡಿ" ಎಂದು ಶ್ರೀಕಂಠ ಕುರ್ಚಿ ಎಳೆದುಕೊಂಡ. ಮೈಸೂರಿನವನು, ಓಕ್‌ವಿಲ್ಲಿನಲ್ಲಿ ಇಂಜಿನಿಯರು. "ಇದು ಓಪನ್ ಸೋರ್ಸು. ಒಳಗೆ ಏನಿದೆ ಅಂತ ಯಾರು ಬೇಕಾದ್ರೂ ಓದ್ಬಹುದು. ಕದ್ದು ನೋಡೋದೆಲ್ಲ ಅಷ್ಟು ಈಸಿ ಅಲ್ಲ." ಹೇಳಿಕೆಯ ಕಡತದ ಮೇಲೆ ಮೌಸ್ ಒತ್ತಿ ಅದರ ವಿವರ ತೆರೆದ. ತೆರೆದವನು ಪರದೆಯ ಹತ್ತಿರಕ್ಕೆ ಬಗ್ಗಿದ.

"ಏನಾತು?" ಎಂದರು ನಿಜಲಿಂಗಪ್ಪ.

"ನಿನ್ನೆ ಏಳು ಗಂಟೆಗೆ ಮುಚ್ಚಿದ್ವಿ ಅಲ್ವಾ? ನಾಗವ್ವನವರು ಮೇಲೆ ಗಿರ್ಮಿಟ್ ತಿನ್ನೋಕೆ ಕರೆದ್ರು." ಶ್ರೀಕಂಠನ ದನಿ ಸಣ್ಣದಾಗಿತ್ತು. "ಇಲ್ಲಿ ಕೊನೆಯ ಬದಲಾವಣೆ ಅಂತ ಇದೆ ನೋಡಿ. ಭಾನುವಾರ ಬೆಳಗಿನ ಜಾವ, ಐದೂವರೆ."

"ಐದೂವರೆಗೆ ನಾವು ಮಲಗಿದ್ವಲ್ಲೊ!" ನಾಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ನಾವ್ಯಾರೂ ಅಲ್ಲ" ಎಂದ ಶ್ರೀಕಂಠ. "ಯಾರೋ ಓಪನ್ ಮಾಡಿದ್ದಾರೆ."

ಗುರುಬಸವ್ವ ಪರದೆಯನ್ನೇ ನೋಡಿದಳು. ತಾನು ಆರಿಸಿದ ಪದಗಳು ಪೊಲೀಸನ ಮುಖ ಹೊತ್ತು ತನ್ನನ್ನು ದಿಟ್ಟಿಸುತ್ತಿರುವಂತೆ ಕಂಡವು. ಕೊನೆಯ ಬದಲಾವಣೆ. ಐದೂವರೆ. ಆ ಹೊತ್ತಿಗೆ ಊರಿನಲ್ಲಿ ಗಂಟೆ ಎಷ್ಟು ಎಂದು ಮನಸ್ಸು ತಾನಾಗಿಯೇ ಎಣಿಸತೊಡಗಿತು. ನಿಂಗವ್ವನಿಗೆ ಫೋನು ಮಾಡುವಾಗಲೆಲ್ಲ ಎಣಿಸುವ ಲೆಕ್ಕ ಅದು. ಎಣಿಸುತ್ತಿದ್ದಂತೆ ಅದು ತಿರುಗುಮುರುಗಾಯಿತು.

ಈ ಡಬ್ಬಿಗೆ ಸಿಸ್ಟಮ್ ಹಾಕಿದ ದಿನ ಅದು ಗಡಿಯಾರಕ್ಕೆ ಊರು ಯಾವುದು ಎಂದು ಕೇಳಿತ್ತು. ಬೆಂಗಳೂರಿನ ಆಫೀಸಿನಲ್ಲಿ ನೂರು ಸಲ ಒತ್ತಿದ ಬೆರಳು, ಆ ಪಟ್ಟಿಯಲ್ಲಿ ಇಡೀ ಇಂಡಿಯಾದ ಗಂಟೆಗೆ ಇರುವ ಒಂದೇ ಊರಾದ ಕೋಲ್ಕತಾವನ್ನು ಯೋಚಿಸದೆ ಒತ್ತಿತ್ತು. ಹಿರಿಯರ ಕಣ್ಣಿಗೆಂದು ಅಕ್ಷರ ದೊಡ್ಡದು ಮಾಡುವಾಗ ಗಡಿಯಾರವಿದ್ದ ಕೆಳಗಿನ ಪಟ್ಟಿಯನ್ನೂ ಅಡಗಿಸಿದ್ದಳು. ಈ ಕಂಪ್ಯೂಟರು ಇಷ್ಟು ವರ್ಷ ಮಾಲ್ಟನ್ನಿನ ನೆಲದಡಿಯಲ್ಲಿ ಕೂತು ಇಂಡಿಯಾದ ಗಂಟೆಯನ್ನೇ ಎಣಿಸುತ್ತಿತ್ತು. ಅದರ ಭಾನುವಾರ ಬೆಳಗಿನ ಐದೂವರೆ ಎಂದರೆ ಇಲ್ಲಿಯ ಶನಿವಾರ ಸಂಜೆ ಏಳು. ಅವಳೇ 'ಉಳಿಸು' ಒತ್ತಿ ಗಿರ್ಮಿಟ್ಟಿಗೆ ಎದ್ದ ಗಳಿಗೆ.

ಯಾರೂ ತೆರೆದಿರಲಿಲ್ಲ.

ಹೇಳಬೇಕೆಂದು ಅವಳು ಬಾಯಿ ತೆರೆದಳು. ಮುಂದಿನ ಮಾತು ನಾಲಿಗೆಗೆ ಬರುವ ಮೊದಲೇ ಅದರ ಹಿಂದಿದ್ದದ್ದು ಕಂಡುಬಿಟ್ಟಿತು. ಯಂತ್ರ ಹೇಳಿಲ್ಲವೆಂದರೆ ಮನುಷ್ಯರು ಹೇಳಿದ್ದಾರೆ. ಆ ಸಾಲು ಗೊತ್ತಿದ್ದ ಮನುಷ್ಯರು ಈ ಕೋಣೆಯಲ್ಲಿದ್ದಾರೆ. ಓದಿ ತಿದ್ದುತ್ತೇನೆಂದು ಶ್ರೀಕಂಠ ನಿನ್ನೆ ಪರದೆಯ ಫೋಟೋ ತೆಗೆದುಕೊಂಡಿದ್ದ. ಅಮರೇಶ ಆ ಸಾಲನ್ನು ಎರಡೆರಡು ಸಲ ಗಟ್ಟಿಯಾಗಿ ಓದಿ ಚಪ್ಪಾಳೆ ಹೊಡೆದಿದ್ದ. ನಾಗವ್ವ ದಿನಾ ಊರಿಗೆ ಫೋನು ಮಾಡುತ್ತಾರೆ. ನಿಜಲಿಂಗಪ್ಪ ತಮ್ಮನಿಗೆ ಏನನ್ನೂ ಮುಚ್ಚಿಡುವವರಲ್ಲ. ಬಾಯಿ ಜಾರಿತೋ, ಬೇಕೆಂದೇ ಆಡಿದರೋ. ನಾಲ್ಕು ಮುಖಗಳನ್ನೂ ನೋಡಿದಳು. ನಾಲ್ಕೂ ಒಂದೇ ಬಣ್ಣಕ್ಕೆ ತಿರುಗಿದ್ದವು. ಬೇರೆ ದಿನವಾಗಿದ್ದರೆ ಗಂಟೆಯ ಈ ಗುಟ್ಟನ್ನು ಶ್ರೀಕಂಠನೇ ಮೊದಲು ಹಿಡಿಯುತ್ತಿದ್ದ. ಇವತ್ತು ಹೆದರಿದ್ದಾನೆ. ಅಥವಾ ಹಿಡಿದೂ ಸುಮ್ಮನಿದ್ದಾನೆ.

"ನೀವ ಹೇಳ್ರಿ ಅಕ್ಕಾರ" ಎಂದ ಅಮರೇಶ. "ನೀವ ಮಾಡಿದ್ದು ಇದು. ಇದರದ ಕೆಲಸ ಹೌದೋ ಅಲ್ಲೋ?"

ಅಲ್ಲ ಎಂದರೆ ಈ ಗಳಿಗೆಯಿಂದ ಒಬ್ಬರು ಇನ್ನೊಬ್ಬರನ್ನು ನೋಡತೊಡಗುತ್ತಾರೆ. ಕೋಟು ಹಾಕಿಕೊಂಡು, ಒಬ್ಬೊಬ್ಬರಾಗಿ, ಹಿಮ ತುಳಿಯುತ್ತ ಹೊರಡುತ್ತಾರೆ. ನಾಲ್ಕು ಹೆಸರೂ ಹೋಗುತ್ತವೆ. ಅಲ್ಲಿ ನಿಂಗವ್ವ ಗೋಡೆಗೆ ಬೆನ್ನು ಕೊಟ್ಟು ಬೂಟಿನ ಸದ್ದು ಕೇಳುತ್ತಿರುತ್ತಾಳೆ.

"ಹೌದು" ಎಂದಳು ಗುರುಬಸವ್ವ. "ಇದರದ ಕೆಲಸ."

ಬಿಗಿಹಿಡಿದಿದ್ದ ಉಸಿರುಗಳು ಒಟ್ಟಿಗೆ ಹೊರಬಿದ್ದವು. ನಾಗವ್ವ ಕುರ್ಚಿಯಲ್ಲಿ ಕುಸಿದರು. "ಸುಡುಗಾಡು! ಇದಕ್ಕ ನಾ ವಿಭೂತಿ ಹಚ್ಚೀನಲ್ಲ!"

ಸ್ಕ್ರೂಗಳನ್ನು ಗುರುಬಸವ್ವನೇ ಬಿಚ್ಚಿದಳು. ಹಾರ್ಡ್‌ಡಿಸ್ಕು ಇನ್ನೂ ಬಿಸಿಯಾಗಿತ್ತು. ಅಮರೇಶ ಅದನ್ನು ಡ್ರೈವ್‌ವೇಗೆ ಒಯ್ದು ಸುತ್ತಿಗೆಯಿಂದ ಬಾರಿಸಿದ. ಕಿಟಕಿಯ ಗಾಜಿಗೆ ಹಿಮದ ಪುಡಿ ಹಾರಿ ಬಿತ್ತು. "ಸರಕಾರ ಬಿತ್ತು ನೋಡ್ರಪೋ!" ಎಂದು ಹೊರಗಿನಿಂದ ಕೂಗಿದ. ಒಳಗಿದ್ದವರು ನಕ್ಕರು. ಎಲ್ಲರೂ ನಕ್ಕರು, ತೀರ ಜಾಸ್ತಿಯೇ ನಕ್ಕರು.

"ಆದ್ರ ಹೆಸರು?" ನಿಜಲಿಂಗಪ್ಪ ಮತ್ತೆ ಫೋನು ನೋಡಿಕೊಂಡರು. "ತಮ್ಮಗ ಹೆಂಡ್ರು ಮಕ್ಕಳು ಅದಾರ..."

"ಹೆಸರು ಹಾಕದ ಇದ್ರೂ ಬಂದ್ರಲ್ಲ" ಎಂದು ನಾಗವ್ವ ತಿರುಗಿಬಿದ್ದರು. "ಹಾಕಿದ್ರ ಇನ್ನೊಮ್ಮೆ ಬಂದು ಚಹಾ ಕುಡದು ಹೋಗ್ತಾರ, ಅಷ್ಟ. ಆ ಕೂಸು ಒಳಗ ಅದ. ಹಾಕ್ರಿ, ಗಂಡಸರಾಗಿ ಹುಟ್ಟೀರಿ!"

ಹೊರಗಿನಿಂದ ಬಂದ ಅಮರೇಶ ಬೂಟಿನ ಹಿಮ ಒದರುತ್ತ, "ನಂದು ಹಾಕ್ರಿ" ಎಂದ.

ಶ್ರೀಕಂಠ ತನ್ನ ಲ್ಯಾಪ್‌ಟಾಪು ತೆರೆದು ಅವಳ ಮುಂದಿಟ್ಟ. "ಇದು ಸೇಫ್. ನೀವೇ ಟೈಪ್ ಮಾಡಿ." ಬಾಯಿಪಾಠವಾಗಿದ್ದ ಹೇಳಿಕೆಯನ್ನು ಅವಳು ಮೊದಲಿನಿಂದ ಕಡೆಯವರೆಗೆ ಟೈಪು ಮಾಡಿದಳು. ಗುಡಿಸುವವರ ಸಾಲನ್ನು ಹಾಗೆಯೇ ಇಟ್ಟಳು. ಒಂದು ಪದವನ್ನೂ ಮೆತ್ತಗೆ ಮಾಡಲಿಲ್ಲ. ಆಮೇಲೆ ಹೆಸರುಗಳು. ಒಬ್ಬೊಬ್ಬರೂ ತಮ್ಮ ಹೆಸರನ್ನು ಬಾಯಿಬಿಟ್ಟು ಹೇಳಿದರು. ನಾಗವ್ವ ಊರಿನ ಹೆಸರನ್ನೂ ಸೇರಿಸಿ ಹೇಳಿದರು. ಯಾರ ದನಿಯೂ ನಡುಗಲಿಲ್ಲ. ಅವಳು ಕಿವಿಯಿಟ್ಟೇ ಕೇಳಿಸಿಕೊಂಡಳು.

ಅಲ್ಲಿ ರಾತ್ರಿಯಾಗಿತ್ತು. ವಕೀಲರು ಎಚ್ಚರವಿದ್ದು ಕಾಯುತ್ತಿದ್ದರು. ಅವರ ವಿಳಾಸ ಹಾಕಿದಳು. ಕೊನೆಯ ಸಲ ಓದಲೆಂದು ನಾಲ್ವರೂ ಅವಳ ಹಿಂದೆ ಒತ್ತಾಗಿ ಬಂದು ನಿಂತರು. ಚಹಾದ ವಾಸನೆ, ಒದ್ದೆ ಕೋಟಿನ ವಾಸನೆ, ಯಾರದೋ ಉಸಿರು ಕಿವಿಯ ಬಳಿ. ಅವಳು ಒತ್ತಿದಳು. ಹೋಯಿತು.

"ಅಂಜಬ್ಯಾಡವ್ವಾ, ನಾವದೀವಿ" ಎಂದರು ನಾಗವ್ವ ಹಿಂದಿನಿಂದ.

ಅವಳ ಬಲ ಹೆಗಲ ಮೇಲೆ ಕೈಯೊಂದು ಬಂದು ಕೂತಿತು. ಬೆಚ್ಚಗಿತ್ತು, ಭಾರವಾಗಿತ್ತು. ಯಾರದೆಂದು ಗುರುಬಸವ್ವ ತಿರುಗಿ ನೋಡಲಿಲ್ಲ.